ಸಹಾಯ ಬೇಕು: ಹಳದಿಗಟ್ಟಿದ ಹೆಡ್‌ಲೈಟ್ ಸರಿಮಾಡುವವರು ಕಲಬುರಗಿಯಲ್ಲಿ ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನಮ್ಮದು 2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಹೆಡ್‌ಲೈಟ್‌ಗಳು ಮಾತ್ರ ಹಳದಿಗಟ್ಟಿ ಮಂಕಾಗಿವೆ. ನಮಗೆ ಮನೆಯಲ್ಲಿ ನೆರಳಿಲ್ಲ, ಕಾರು ವರ್ಷಪೂರ್ತಿ ಬಿಸಿಲಿನಲ್ಲಿಯೇ ನಿಲ್ಲುತ್ತದೆ. ಕಲಬುರಗಿಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಹುಮನಾಬಾದ್ ಕಡೆಯಿಂದ ಬರುವಾಗ ರಸ್ತೆಯ ಅಂಚು ಸರಿಯಾಗಿ ಕಾಣುವುದಿಲ್ಲ. ಹೊಸ ಬಲ್ಬ್ ಹಾಕಿಸಿದರೂ ವ್ಯತ್ಯಾಸವಿಲ್ಲ.

ಲೆನ್ಸ್ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಅದರ ಮೇಲಿನ ರಕ್ಷಣಾ ಲೇಪನ ಅತಿನೇರಳೆ ಕಿರಣಗಳಿಗೆ ಸವೆದಿದೆ. 800, 1500, 2000 ನಂಬರಿನ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಒಂದರ ನಂತರ ಒಂದರಂತೆ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ (ಪಾರದರ್ಶಕ ಲೇಪನ) ಹೊಡೆಯಬೇಕು ಎಂಬುದು ಗೊತ್ತಿದೆ. ನಾನು ಕೇಳಿದ ಅಂಗಡಿಯವರು ಪಾಲಿಶ್‌ಗೇ ನಿಲ್ಲಿಸುತ್ತಾರಂತೆ. ಕೋಟ್ ಇಲ್ಲದ ಹೊಳಪು ಈ ಬಿಸಿಲಿನಲ್ಲಿ ಎಷ್ಟು ದಿನ ಬಾಳೀತು? ದಯವಿಟ್ಟು ಟೂತ್‌ಪೇಸ್ಟ್ ಸಲಹೆ ಕೊಡಬೇಡಿ, ಅದರ ಕಥೆಯೂ ಅಷ್ಟೇ.

ಕ್ಲಿಯರ್ ಕೋಟ್‌ವರೆಗೂ ಕೆಲಸ ಮಾಡುವವರು ಇಲ್ಲಿ ಅಥವಾ ಬೀದರ್‌ನಲ್ಲಿ ಇದ್ದರೆ ತಿಳಿಸಿ. ಎರಡೂ ಲೈಟ್‌ಗಳಿಗೆ ಎಷ್ಟು ಕೊಟ್ಟಿರಿ, ಎಷ್ಟು ಕಾಲ ಬಾಳಿತು ಎಂಬುದನ್ನೂ ಬರೆಯಿರಿ. ಕ್ಲಿಯರ್ ಕೋಟ್ ಡಬ್ಬಿ ಊರಿನಲ್ಲಿ ಸಿಕ್ಕರೆ ನಾನೇ ಕೈಹಾಕಲು ಸಿದ್ಧ. ಎಡಗಡೆಯ ಲೈಟ್‌ನ ಒಳಗೂ ತೇವದ ಮಂಜು ಕಟ್ಟುತ್ತಿದೆ. ಅದು ಹೊರಗಿನಿಂದ ಉಜ್ಜಿದರೆ ಹೋಗುವುದಿಲ್ಲ. ಬಿಚ್ಚಿ ಒಣಗಿಸಿ ಸೀಲ್ ಮಾಡಿಸುವುದೇ, ಅಥವಾ ಆ ಒಂದನ್ನು ಪೂರ್ತಿ ಬದಲಿಸುವುದೇ? ಕಡಿಮೆ ಬೆಲೆಯ ಬದಲಿ ಲೈಟ್ ಹಾಕಿಸಿದವರಿದ್ದರೆ, ಬೆಳಕಿನ ಕಿರಣ ಸರಿಯಾಗಿ ಬೀಳುತ್ತದೆಯೇ ಹೇಳಿ. ಎದುರಿನವರ ಕಣ್ಣು ಕುಕ್ಕುವ ಲೈಟ್ ನನಗೆ ಬೇಡ.