ಕ್ಯುಆರ್ ಕೋಡ್ ಕಿತ್ತರೆ ಜಿಎಸ್‌ಟಿ ಹೋಗುತ್ತಾ?

2025ರ ಜುಲೈ 24, ಭೀಮನ ಅಮಾವಾಸ್ಯೆ. ಬೆಳಗ್ಗೆಯಿಂದ ನಮ್ಮ ಮನೆಯವರ ಗುಂಪಿನಲ್ಲಿ ಬರೀ ಪಾದಪೂಜೆ ಫೋಟೋಗಳು. ಹನ್ನೊಂದು ಗಂಟೆಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು, ಅಲ್ಲಿಗೆ ಹಬ್ಬ ಮುಗಿಯಿತು. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ಮಂಡ್ಯದ ಗುತ್ತಲು ರಸ್ತೆಯಲ್ಲಿ ಅಕ್ಕ-ಭಾವನ ದಿನಸಿ ಅಂಗಡಿ ಇದೆ, ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಜಿಎಸ್‌ಟಿ ಕೇಳುವ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಅವರಿಗೆ ಹಿಂದಿನ ವಾರವಷ್ಟೇ ಬಂದಿತ್ತು. ಪುಟ್ಟ ಅಂದರೆ ಅವರ ಮಗ. ನಡೆದ ಜಗಳವನ್ನು ಹೆಸರು ತೆಗೆದು, ಇಮೋಜಿ ತೆಗೆದು ಇಲ್ಲಿ ಹಾಕಿದ್ದೇನೆ. ಇದೇ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರುತ್ತದೆ, ಅದಕ್ಕೆ.

ಚಿಕ್ಕಪ್ಪ: (ಫಾರ್ವರ್ಡ್) ವ್ಯಾಪಾರಿಗಳೇ ಎಚ್ಚರ!! ಇವತ್ತೇ ಕ್ಯುಆರ್ ಕೋಡ್ ಕಿತ್ತು ಬಿಸಾಕಿ. ಕ್ಯಾಶ್ ವ್ಯಾಪಾರಕ್ಕೆ ಜಿಎಸ್‌ಟಿ ಇಲ್ಲ. ಹಾಲು, ತರಕಾರಿ, ಹಣ್ಣು ಮಾರುವವರು ನೋಟಿಸಿಗೆ ಉತ್ತರ ಕೊಡುವ ಅಗತ್ಯವಿಲ್ಲ. 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಎಲ್ಲ ಗುಂಪಿಗೂ ಕಳಿಸಿ.

ಭಾವ: ನಾನು ಮೊನ್ನೆಯೇ ಕಿತ್ತೆ. "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ದೇನೆ.

ಅಕ್ಕ: ಹಾಕಿದ್ದು ಇವರು, ಬೈಸಿಕೊಳ್ಳುತ್ತಿರುವುದು ನಾನು. ಬೆಳಗ್ಗೆ ಆರಕ್ಕೆ ಹಾಲಿಗೆ ಬರುವವರು ಎಲ್ಲರೂ 500ರ ನೋಟು ಹಿಡಿದು ನಿಲ್ಲುತ್ತಾರೆ. ಎರಡು ದಿನಕ್ಕೆ ಒಂದು ಡಬ್ಬ ಚಾಕಲೇಟ್ ಖಾಲಿ, ಚಿಲ್ಲರೆ ಬದಲು ಕೊಟ್ಟು ಕೊಟ್ಟು.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಒಂದು ಮಾತೂ ಪೂರ್ತಿ ಸರಿಯಿಲ್ಲ. ಜಿಎಸ್‌ಟಿ ಬೀಳುವುದು ಮಾರಾಟದ ಮೇಲೆ. ದುಡ್ಡು ಫೋನಿನಲ್ಲಿ ಬಂತಾ ಗಲ್ಲಾಗೆ ಬಂತಾ ಅನ್ನುವುದರ ಮೇಲೆ ಅಲ್ಲ. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಯುಪಿಐ ಲೆಕ್ಕ ಇಲಾಖೆಗೆ ಸಿಕ್ಕಿದೆ, ಅದನ್ನು ಹಿಡಿದು ಕೇಳುತ್ತಿದ್ದಾರೆ, ಅಷ್ಟೇ.

ಚಿಕ್ಕಪ್ಪ: ನಾನು 31 ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆದವನು ಮಗಳೇ. ಸಿಗದೇ ಇರುವ ಲೆಕ್ಕಕ್ಕೆ ಯಾರೂ ನೋಟಿಸ್ ಕೊಡುವುದಿಲ್ಲ.

ನಾನು: ಸರಿ, ಕ್ಯಾಶ್ ತಗೊಂಡರು ಅಂತಲೇ ಇಟ್ಟುಕೊಳ್ಳಿ. ಆ ಕ್ಯಾಶ್ ಎಲ್ಲಿಗೆ ಹೋಗುತ್ತದೆ? ಡಿಸ್ಟ್ರಿಬ್ಯೂಟರ್‌ಗೆ ಕಟ್ಟಬೇಕು ಅಂದರೆ ಮತ್ತೆ ಬ್ಯಾಂಕಿಗೇ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ, ಕರೆಂಟ್ ಅಕೌಂಟಿಗೆ 50 ಲಕ್ಷ ನಗದು ಬಿದ್ದರೆ ಬ್ಯಾಂಕಿನವರೇ ಆದಾಯ ತೆರಿಗೆಯವರಿಗೆ ವರದಿ ಕೊಡುತ್ತಾರೆ.

ಚಿಕ್ಕಪ್ಪ: ಹಾಗಾದರೆ ಪುಟ್ಟನ ನಂಬರಿನ ಕ್ಯುಆರ್ ಹಾಕಿ. ಅರ್ಧ ಅಲ್ಲಿ, ಅರ್ಧ ಇಲ್ಲಿ. ಇಬ್ಬರದೂ 40ರ ಒಳಗೆ.

ಪುಟ್ಟ: ಚಿಕ್ಕ ತಾತ, ನನ್ನನ್ನು ಬಿಟ್ಟುಬಿಡಿ. ನನ್ನ ಸಂಬಳದ ಅಕೌಂಟಿಗೆ ಹಾಲು, ಬನ್ನಿನ ದುಡ್ಡು 20 ಲಕ್ಷ ಬಿದ್ದರೆ ನಾನು ಬೆಂಗಳೂರಿನಲ್ಲಿ ಅಂಗಡಿ ಇಟ್ಟಿದ್ದೇನಾ ಅಂತ ಕೇಳುತ್ತಾರೆ.

ನಾನು: ಅಂಗಡಿ ಒಂದು, ಲೈಸೆನ್ಸ್ ಒಂದು, ಮಾಲು ಒಂದು. ಕ್ಯುಆರ್ ಎರಡು ಮಾಡಿದರೆ ವ್ಯಾಪಾರ ಎರಡಾಗುವುದಿಲ್ಲ.

ಭಾವ: ಅದೆಲ್ಲ ಇರಲಿ, 12 ಲಕ್ಷದವರೆಗೆ ಇಲ್ಲ ಅಂತ ಬಜೆಟ್‌ನಲ್ಲಿ ಹೇಳಿದ್ದು ಸುಳ್ಳಾ?

ಈ ಪ್ರಶ್ನೆ ನಮ್ಮ ಆಫೀಸಿಗೆ ದಿನಕ್ಕೆ ನಾಲ್ಕು ಸಲ ಬರುತ್ತದೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೆದೆ.

ನಾನು: ಸುಳ್ಳಲ್ಲ ಭಾವ, ಅದು ಬೇರೆ ತೆರಿಗೆ. ಅದು ಆದಾಯ ತೆರಿಗೆ, ಅಂದರೆ ಖರ್ಚು ಕಳೆದು ಕೈಯಲ್ಲಿ ಉಳಿಯುವ ಲಾಭದ ಲೆಕ್ಕ. ಹೊಸ ಪದ್ಧತಿಯಲ್ಲಿ 2025-26ಕ್ಕೆ 12 ಲಕ್ಷ, ಅದರ ಹಿಂದಿನ ವರ್ಷಕ್ಕೆ 7 ಲಕ್ಷದವರೆಗೆ ರಿಯಾಯಿತಿ. ಜಿಎಸ್‌ಟಿಗೆ ನಿಮ್ಮ ಲಾಭ ಎಷ್ಟು ಅನ್ನುವುದು ಬೇಕಿಲ್ಲ, ಮಾರಿದ್ದು ಎಷ್ಟು ಅಂತ ಮಾತ್ರ ಕೇಳುತ್ತದೆ. ಇನ್ನೊಂದು ಹೇಳುತ್ತೇನೆ, ಕ್ಯುಆರ್ ಕಿತ್ತು ನಿಮಗೇ ನಷ್ಟ ಮಾಡಿಕೊಂಡಿದ್ದೀರಿ. ನಿಮ್ಮಂಥ ಸಣ್ಣ ವ್ಯಾಪಾರಕ್ಕೆ ಆದಾಯ ತೆರಿಗೆಯಲ್ಲಿ 44ಎಡಿ ಅಂತ ಒಂದು ಸೆಕ್ಷನ್ ಇದೆ, ಪೂರ್ತಿ ಲೆಕ್ಕದ ಪುಸ್ತಕ ಬೇಡ, ಮಾರಾಟದ ಮೇಲೆ ಇಷ್ಟು ಪರ್ಸೆಂಟ್ ಲಾಭ ಅಂತ ಒಪ್ಪಿಕೊಂಡರೆ ಆಯಿತು. ಬ್ಯಾಂಕ್, ಯುಪಿಐ ಮೂಲಕ ಬಂದಿದ್ದಕ್ಕೆ 6%, ಕ್ಯಾಶಿಗೆ 8%. ಅಂದರೆ ಅದೇ ಮಾರಾಟ ಕ್ಯಾಶಿನಲ್ಲಿ ತೋರಿಸಿದರೆ ನಿಮ್ಮ ಆದಾಯ ಜಾಸ್ತಿ ಕಾಣುತ್ತದೆ.

ಭಾವ: ಇದನ್ನು ಮೊದಲೇ ಹೇಳಬಾರದಾ ಅಮ್ಮ?

ಅಕ್ಕ: ಹೇಳಿದಳು. ನೀವು ಆಗ ಬೋರ್ಡ್ ಬರೆಸಲು ಹೋಗಿದ್ದಿರಿ.

ಮಾವ: ನನಗೂ ನೋಟಿಸ್ ಬಂದಿದೆ ಕಣಮ್ಮ, 58 ಲಕ್ಷ ಅಂತ. ನನ್ನದು ಬರೀ ಬಾಳೆಹಣ್ಣು. ಹಣ್ಣಿಗೆ ಇಲ್ಲ ಅಲ್ವಾ? ಸುಮ್ನೆ ಹರಿದು ಹಾಕಲಾ?

ಮಾವ ನಮ್ಮಮ್ಮನ ತಮ್ಮ, ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರ ಅಂಗಡಿ. ಗುಂಪಿನಲ್ಲಿ ವರ್ಷಕ್ಕೊಮ್ಮೆ ಮಾತಾಡುವ ಮನುಷ್ಯ.

ನಾನು: ಹರಿಯಬೇಡಿ ಮಾವ. ತಾಜಾ ಹಣ್ಣಿಗೆ ತೆರಿಗೆ ಇಲ್ಲ, ನಿಜ. ತೆರಿಗೆ ಇಲ್ಲದ ಮಾಲನ್ನು ಮಾತ್ರ ಮಾರುವವರು ಎಷ್ಟು ಕೋಟಿ ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಅಲ್ಲಿ ಕೂತವರಿಗೆ ಕಾಣುವುದು 58 ಲಕ್ಷ ಅನ್ನುವ ಅಂಕಿ, ಬಾಳೆಗೊನೆ ಕಾಣುವುದಿಲ್ಲ. ಮಂಡಿ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಒಂದು ಪುಟದ ಉತ್ತರ ಕೊಡಿ. ಅಂದಹಾಗೆ ಬರೀ ಬಾಳೆಹಣ್ಣು ತಾನೇ? ಫ್ರಿಜ್ ಇಟ್ಟಿದ್ದಿರಿ ಅಲ್ವಾ?

ಮಾವ: ಬೇಸಿಗೆಯಲ್ಲಿ ನಾಲ್ಕು ಕ್ರೇಟ್ ಕೂಲ್ ಡ್ರಿಂಕ್ಸ್ ಮಾರಿದ್ದೆ. ಅದೂ ಒಂದು ವ್ಯಾಪಾರವಾ?

ನಾನು: ಅದೇ ಎಡವಟ್ಟು ಮಾವ. ಅದರಿಂದ "ಬರೀ ಹಣ್ಣು" ಅನ್ನುವ ಮಾತು ಹೋಯಿತು. ತೆರಿಗೆ ಇರುವ ಒಂದು ಮಾಲು ಸೇರಿದರೂ ಬಾಳೆಹಣ್ಣಿನ 58 ಲಕ್ಷವೂ ವಹಿವಾಟಿನ ಲೆಕ್ಕಕ್ಕೆ ಬರುತ್ತದೆ, ಮಿತಿ ದಾಟುತ್ತದೆ. ತೆರಿಗೆ ಮಾತ್ರ ಆ ಡ್ರಿಂಕ್ಸಿಗಷ್ಟೇ. ಆಫೀಸಿಗೆ ಬನ್ನಿ, ಕೂತು ಬರೆಯೋಣ.

ಮಾವ: ಆ ಫ್ರಿಜ್ ಕೊಡಿಸಿದ್ದು ನಿಮ್ಮ ಭಾವನೇ.

ಚಿಕ್ಕಪ್ಪ: ಮುಖ್ಯಮಂತ್ರಿಗಳು ನಿನ್ನೆ ವ್ಯಾಪಾರಿಗಳ ಸಭೆ ಕರೆದು ಹಳೆ ಬಾಕಿ ವಸೂಲಿ ಮಾಡಲ್ಲ ಅಂದಿದ್ದಾರೆ. ನೋಟಿಸ್ ವಿರೋಧಿಸಿ ವ್ಯಾಪಾರಿಗಳು ಕರೆದಿದ್ದ ನಾಳೆಯ ಬಂದ್ ಕೂಡ ವಾಪಸ್. ಇನ್ನೇನು ಬರೆಯುವುದು? ಸುಮ್ನೆ ಹೆದರಿಸಬೇಡ.

ನಾನು: ವ್ಯಾಪಾರಿಗಳು ನೋಂದಣಿ ಮಾಡಿಸಿಕೊಳ್ಳಬೇಕು ಅಂತಲೂ ಮುಖ್ಯಮಂತ್ರಿಗಳೇ ಹೇಳಿದ್ದಾರೆ, ಅದನ್ನು ನಿಮ್ಮ ಫಾರ್ವರ್ಡ್‌ನವರು ಕತ್ತರಿಸಿದ್ದಾರೆ. ನೋಟಿಸ್ ನಿಮ್ಮ ಹೆಸರಿನಲ್ಲಿ ಬಂದ ಮೇಲೆ ಉತ್ತರವೂ ನಿಮ್ಮ ಹೆಸರಿನಲ್ಲೇ ಹೋಗಬೇಕು. ಅಕ್ಕ, ಈಗ ನಿಮ್ಮದು ಹೇಳು. ನೋಟಿಸಿನಲ್ಲಿ ಎಷ್ಟಿದೆ?

ಅಕ್ಕ: 2024-25ಕ್ಕೆ 46 ಲಕ್ಷ 20 ಸಾವಿರ. ಲಾಂಗ್ ಬುಕ್ ಮುಂದೆ ಇಟ್ಟುಕೊಂಡೇ ಕೂತಿದ್ದೇನೆ. ಅದರಲ್ಲಿ ಪುಟ್ಟ ಮನೆಗೆ ಕಳಿಸಿದ್ದು ತಿಂಗಳಿಗೆ 12 ಸಾವಿರ, ವರ್ಷಕ್ಕೆ 1 ಲಕ್ಷ 44 ಸಾವಿರ. ಅದು ಮಾರಾಟ ಅಲ್ಲ ಅಲ್ವಾ?

ನಾನು: ಅಲ್ಲ. ಮಗ ಮನೆಗೆ ಕಳಿಸಿದ್ದು. ಕಳೆ. ಬೇರೆ?

ಅಕ್ಕ: ಚೀಟಿ ದುಡ್ಡು 3 ಲಕ್ಷ. ದಿನಕ್ಕೆ ಒಂದು ಲಕ್ಷದ ಮೇಲೆ ಹೋಗಲ್ಲ ಅಂತ ಮೂರು ದಿನ ಹಾಕಿದ್ದರು.

ಭಾವ: ಯಾವ ಚೀಟಿ?

ಮೂರು ನಿಮಿಷ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಅಂಗಡಿಯ ಅಕೌಂಟ್ ಭಾವನ ಹೆಸರಿನಲ್ಲಿದೆ, ಫೋನ್ ಇರುವುದು ಅಕ್ಕನ ಸೆರಗಿನಲ್ಲಿ.

ಅಕ್ಕ: ಮುಂದಕ್ಕೆ ಹೇಳು. 3 ಲಕ್ಷ ಕಳೆಯಲಾ?

ನಾನು: ಕಳೆ. ಚೀಟಿ ನಡೆಸುವವರ ಹತ್ತಿರ ಬರೆಸಿಕೊಂಡ ಚೀಟಿ ಇದ್ದರೆ ಇಟ್ಟುಕೋ. 41 ಲಕ್ಷ 76 ಸಾವಿರ ಉಳಿಯಿತು. ಈಗ ಬೈಯಬೇಡ, ಗಲ್ಲಾದಲ್ಲಿ ಬಂದ ಕ್ಯಾಶ್ ಎಷ್ಟು?

ಅಕ್ಕ: 6 ಲಕ್ಷ ಬಂದಿರಬಹುದು.

ಚಿಕ್ಕಪ್ಪ: ಅದನ್ನು ಯಾಕೆ ಹೇಳುತ್ತೀಯಾ ಗುಂಪಿನಲ್ಲಿ!

ನಾನು: 47 ಲಕ್ಷ 76 ಸಾವಿರ. ಏನು ಮಾಡಿದರೂ 40 ದಾಟುತ್ತದೆ ಅಕ್ಕ. ಹಾಲು?

ಅಕ್ಕ: ದಿನಕ್ಕೆ 120 ಲೀಟರ್. ವರ್ಷಕ್ಕೆ 19 ಲಕ್ಷದ ಹತ್ತಿರ. ಮೊಸರು ಬೇರೆ.

ನಾನು: ಹಾಲಿನ ಪ್ಯಾಕೆಟ್ಟಿಗೆ ಜಿಎಸ್‌ಟಿ ಇಲ್ಲ. ಮೊಸರು, ಮಜ್ಜಿಗೆ ಪ್ಯಾಕೆಟ್ಟಿಗೆ 2022ರ ಜುಲೈನಿಂದ 5% ಇದೆ. ಬಿಡಿಯಾಗಿ ತೂಗಿಕೊಡುವ ಅಕ್ಕಿ-ಬೇಳೆಗೆ ಇಲ್ಲ, ಲೇಬಲ್ ಹಚ್ಚಿದ 25 ಕೆಜಿವರೆಗಿನ ಚೀಲಕ್ಕೆ ಇದೆ. (ಅದಕ್ಕೇ ಚಿಕ್ಕಪ್ಪ, 26 ಕೆಜಿ ಅಕ್ಕಿ ಚೀಲ ಬಂದಿದ್ದು.) ಹಾಲು ತೆಗೆದರೆ 28 ಲಕ್ಷ 76 ಸಾವಿರ, ಬಿಡಿ ಅಕ್ಕಿ ಲೆಕ್ಕ ಸಿಕ್ಕರೆ ಇನ್ನೂ ಇಳಿಯುತ್ತದೆ. ಇನ್ನು ಮುಂದಕ್ಕೆ ಕಾಂಪೊಸಿಷನ್, ನಮ್ಮ ಕನ್ನಡದ ರಾಜಿ ತೆರಿಗೆ, ಅದನ್ನು ತಗೊಂಡರೆ ತೆರಿಗೆ ಇರುವ ಮಾರಾಟದ ಮೇಲೆ 1%. ಒಂದೂವರೆ ಕೋಟಿ ವಹಿವಾಟಿನವರೆಗೆ ನಡೆಯುತ್ತದೆ. ವರ್ಷಕ್ಕೆ 28,760, ತಿಂಗಳಿಗೆ 2,400 ಆಗುತ್ತದೆ. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಂದು ರಿಟರ್ನ್. ನೋಂದಣಿಗೆ ಸರ್ಕಾರದ ಫೀಸ್ ಸೊನ್ನೆ.

ಭಾವ: ಸೊನ್ನೆನಾ? ಇಲ್ಲೊಬ್ಬರು 12 ಸಾವಿರ ಕೇಳಿದರು. 2 ಸಾವಿರ ಅಡ್ವಾನ್ಸ್ ಕೊಟ್ಟಿದ್ದೇನೆ.

ಅಕ್ಕ: ಯಾರಿಗೆ?

ಭಾವ: ಅದಿರಲಿ. ಆದರೆ ನೀನು 1% ಅಂತ ಸಲೀಸಾಗಿ ಹೇಳುತ್ತೀಯಾ ನೋಡಮ್ಮ. ಬಿಸ್ಕೆಟ್‌ನಲ್ಲಿ ನನಗೆ ಉಳಿಯುವುದೇ ನೂರಕ್ಕೆ ಎಂಟು. ಎಂಆರ್‌ಪಿ ಮೇಲೆ ಒಂದು ಪೈಸೆ ಜಾಸ್ತಿ ಕೇಳುವ ಹಾಗಿಲ್ಲ. ಆ ಒಂದು ನನ್ನ ಎಂಟರಲ್ಲೇ ಹೋಗಬೇಕು. ಕರೆಂಟ್ ಬಿಲ್, ಬಾಡಿಗೆ, ಇಲಿ ಕಡಿದಿದ್ದು, ಎಲ್ಲ ಉಳಿದ ಏಳರಲ್ಲಿ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವ ಹೇಳಿದ್ದು ಸರಿಯೇ. ರಾಜಿ ತೆರಿಗೆ ತಗೊಂಡವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಕೊಂಡ ಮಾಲಿಗೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವ ಹಾಗೂ ಇಲ್ಲ. ಮಾಮೂಲಿ ನೋಂದಣಿಯಲ್ಲಿ ಅದು ಸಿಗುತ್ತದೆ, ಆದರೆ ಪ್ರತಿ ಬಿಲ್ಲೂ ಕಂಪ್ಯೂಟರಿಗೆ ಏರಬೇಕು, ಅಕ್ಕನ ಲಾಂಗ್ ಬುಕ್ ಸಾಲುವುದಿಲ್ಲ.

ನಾನು: ನಿಜ ಭಾವ. ಎರಡೂ ದಾರಿಯ ಲೆಕ್ಕ ಹಾಕಿ ತೋರಿಸುತ್ತೇನೆ, ನೀವೇ ಆರಿಸಿ. ನೋಂದಣಿ ಇಲ್ಲದೆ ಮುಂದುವರಿಯುವುದು ಮಾತ್ರ ಬೇಡ. ಅಕ್ಕ, ಭಾನುವಾರ ಬಾ. ನೋಟಿಸ್, ಬಾಡಿಗೆ ಕರಾರು, ಪ್ಯಾನ್, ಆಧಾರ್, ಲಾಂಗ್ ಬುಕ್, ಹಾಲಿನವರ ಬಿಲ್. ಮನೆಯ ದುಡ್ಡಿಗೆ ಬೇರೆ ಅಕೌಂಟ್ ಮಾಡೋಣ, ಅಂಗಡಿ ಕ್ಯುಆರ್‌ಗೆ ಇನ್ನು ಪುಟ್ಟನೂ ಹಾಕುವುದು ಬೇಡ.

ಚಿಕ್ಕಪ್ಪ: ನಾನು ಬಂದ ಹಾಗೇ ಕಳಿಸಿದೆ ಅಷ್ಟೇ. ಹಾಕಿದವರು ನಮ್ಮ ವಾಕಿಂಗ್ ಗುಂಪಿನವರು, ತಿಳಿದವರು.

ಅಕ್ಕ: ಬೋರ್ಡ್ ತೆಗೆದೆ. ಕ್ಯುಆರ್ ಸ್ಟ್ಯಾಂಡ್ ಎಲ್ಲಿಟ್ಟಿದ್ದೀರಿ?

ಭಾವ: ಅಕ್ಕಿ ಡ್ರಮ್ ಹಿಂದೆ. ಭಾನುವಾರ ನಾನೂ ಬರುತ್ತೇನೆ. ಆ 3 ಲಕ್ಷದ ಪುಟ ನೋಡಬೇಕು.