ನೋಟಿಸು ಬಂದ ಮನೆಗೆ ದೊಡ್ಡಮ್ಮನ ಮಾತು

ಎಲ್ಲರಿಗೂ ವಂದನೆ, ಸ್ತೋತ್ರ. ಟೈಪ್ ಮಾಡೋದು ನನ್ನ ಕೈಲಿ ಆಗಲ್ಲ, ಅದಕ್ಕೇ ಮಾತಾಡ್ತಿದೀನಿ. ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳ್ಕೊಳ್ಳಿ.

ಮಗಳೇ, ರಾತ್ರಿ ನೀನು ನಮ್ಮ ಗ್ರೂಪಿಗೆ ಹಾಕಿದ ಬ್ಯಾಂಕ್ ನೋಟಿಸಿನ ಫೋಟೋ ನೋಡಿದೆ. ಮಂಡಕ್ಕಿ ಭಟ್ಟಿ, ಭಟ್ಟಿ ಜಾಗ, ಎರಡೂ ಅಡವಿಟ್ಟ ಸಾಲ ಅದು. "ಪ್ರಾರ್ಥನೆಗೆ ಕೂತರೂ ಕೈಕಾಲು ನಡುಗುತ್ತೆ ದೊಡ್ಡಮ್ಮ" ಅಂತ ನೀನು ಬರೆದಿದ್ದಕ್ಕೆ ನಿಮ್ಮ ಮಾವ "ಭಯ ಇದ್ದಲ್ಲಿ ವಿಶ್ವಾಸ ಇರಲ್ಲ" ಅಂತ ಹಾಕಿದಾನೆ. ತಮ್ಮಾ, ಬೇಜಾರು ಮಾಡ್ಕೋಬೇಡ, ಆ ಮಾತು ನಾನು ಒಪ್ಪಲ್ಲ. ಸತ್ಯವೇದದ ಎರಡನೇ ಅರಸುಗಳು ಪುಸ್ತಕದ 18, 19ನೇ ಅಧ್ಯಾಯ ಇನ್ನೊಂದ್ಸಲ ಓದು.

ಯೆಹೂದದ ಅರಸ ಹಿಜ್ಕೀಯ ದೇವರಲ್ಲಿ ಭರವಸೆ ಇಟ್ಟೋನು ಅಂತ ಸತ್ಯವೇದವೇ ಹೊಗಳುತ್ತೆ. ಅಂಥೋನು ಅಶ್ಶೂರದ ಅರಸ ಸನ್ಹೇರೀಬ ದಂಡು ತಗೊಂಡು ಬಂದಾಗ ಮೊದಲು ಮಾಡಿದ್ದು ಏನು? ತಪ್ಪಾಯ್ತು ಅಂತ ಹೇಳಿಕಳಿಸಿ 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ ಕೊಟ್ಟ, ತಲಾಂತು ಅಂದ್ರೆ ಆಗಿನ ಕಾಲದ ದೊಡ್ಡ ತೂಕ. ದೇವಾಲಯದ ಬಾಗಿಲಿಗೆ ಹೊದಿಸಿದ್ದ ಬಂಗಾರಾನೂ ಕಿತ್ತು ಕೊಟ್ಟ. ಅಷ್ಟು ಕೊಟ್ಟ ಮೇಲೂ ದಂಡು ಅವನ ರಾಜಧಾನಿ ಯೆರೂಸಲೇಮಿಗೆ ಬಂದೇ ಬಂತು. ನೀನು ಓಲೆ ಮಾರಿ ಎರಡು ಕಂತು ಕಟ್ಟಿದ್ದು ನೆನಪಾಗಿ ಹೊಟ್ಟೆ ಉರೀತು ಕಣೇ.

ಆಮೇಲೆ ಸನ್ಹೇರೀಬನ ಅಧಿಕಾರಿ ರಬ್ಷಾಕೆ ಬಂದು ಕೋಟೆ ಹೊರಗೆ ನಿಂತು ಕೂಗಿದ. ಹಿಜ್ಕೀಯನ ಅಧಿಕಾರಿಗಳು "ಅರಾಮ್ಯ ಭಾಷೇಲಿ ಮಾತಾಡಪ್ಪ, ನಮಗೆ ತಿಳಿಯುತ್ತೆ" ಅಂತ ಬೇಡ್ಕೊಂಡ್ರು. ಅವನು ಕೇಳ್ತಾನಾ? ಗೋಡೆ ಮೇಲೆ ಕೂತ ಜನರ ಕಿವಿಗೆ ಬೀಳ್ಲಿ ಅಂತಾನೇ ಅವರ ಮಾತಲ್ಲೇ ಜೋರಾಗಿ ಒದರಿದ. 2000 ಕುದುರೆ ಕೊಡ್ತೀನಿ, ಹತ್ತೋಕೆ ನಿಮ್ಮಲ್ಲಿ ಜನ ಇದ್ರೆ ನೋಡೋಣ ಅಂತ ಹಂಗಿಸಿದ. ಸಾಲ ವಸೂಲಿಯವರು ರಾತ್ರಿ ಒಂಬತ್ತಕ್ಕೆ ಬಂದು ಭಟ್ಟಿ ಬೀದಿಗೆಲ್ಲ ಕೇಳೋ ಹಂಗೆ ನಿನ್ನ ಗಂಡನ ಹೆಸರು ಹಿಡಿದು ಕೂಗಿದ್ರಲ್ಲ, ಅದೂ ಇದೇ ವಿದ್ಯೆ. ಸಾಲಕ್ಕಿಂತ ಮರ್ಯಾದೆ ಮೇಲೇ ಅವರ ಕಣ್ಣು.

ಆ ಮಾತು ಕೇಳಿ ಹಿಜ್ಕೀಯ ಬಟ್ಟೆ ಹರ್ಕೊಂಡು ಗೋಣಿತಟ್ಟು ಕಟ್ಕೊಂಡ. ಪ್ರವಾದಿ ಯೆಶಾಯನಿಗೆ ಹೇಳಿಕಳಿಸಿದ್ದು ಏನು ಗೊತ್ತಾ? ಮಗು ಹುಟ್ಟೋ ಹೊತ್ತು ಬಂದೈತೆ, ಹೆರೋಕೆ ಶಕ್ತಿ ಇಲ್ಲ ಅಂತ. ಒಬ್ಬ ಅರಸ ಆಡಿದ ಮಾತು ಇದು! ತಮ್ಮಾ, ಇವನಿಗೂ ವಿಶ್ವಾಸ ಇರಲಿಲ್ಲ ಅಂತೀಯಾ?

ಆಮೇಲೆ ಸನ್ಹೇರೀಬನ ಬೆದರಿಕೆ ಕಾಗದ ಬಂತು. ಓದಿದ, ಯೆಹೋವನ ಆಲಯಕ್ಕೆ ತಗೊಂಡು ಹೋಗಿ ಹರಡಿಟ್ಟ. ಮುಚ್ಚಿಡಲಿಲ್ಲ, ಹರೀಲಿಲ್ಲ. ಪ್ರಾರ್ಥನೇಲಿ ಅಶ್ಶೂರದವರು ದೇಶದೇಶಗಳನ್ನ ಹಾಳುಮಾಡಿದ್ದು ನಿಜ ಅಂತಾನೇ ಒಪ್ಕೊಂಡ. ಅದು ನನಗೆ ಬಹಳ ಹಿಡಿಸುತ್ತೆ. ನೀನೂ ಇವತ್ತು ಆ ನೋಟಿಸು ಎದುರಿಗೆ ಇಟ್ಕೊಂಡು ಬಾಕಿ ಎಷ್ಟೈತೋ ಅಷ್ಟನ್ನೂ ಕರ್ತನ ಮುಂದೆ ಓದು. ನಡುಗಿದ್ರೆ ನಡುಗ್ಲಿ ಬಿಡು.

ಇನ್ನೊಂದು, ಟೀಚರ್ ಬುದ್ಧಿ ಎಲ್ಲಿ ಹೋಗುತ್ತೆ! ಈ ಹಿಜ್ಕೀಯ ಗೀಹೋನ್ ಬುಗ್ಗೆ ನೀರನ್ನ ಊರೊಳಕ್ಕೆ ತರೋಕೆ ಬಂಡೇಲಿ ಸುರಂಗ ಕೊರೆಸಿದ್ದ, ಹತ್ತತ್ರ 530 ಮೀಟರು. ಎರಡೂ ತುದಿಯಿಂದ ಕೊರೀತಾ ಬಂದೋರು ಕಲ್ಲಿನ ಆಚೆ ಇನ್ನೊಬ್ಬರ ದನಿ ಕೇಳಿಸ್ಕೊಂಡ್ರು ಅಂತ 1880ರಲ್ಲಿ ಸಿಕ್ಕಿದ ಶಾಸನದಲ್ಲೈತೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಕೆಳಗೆ ಬೆಳೆದೋರು ನಾವು. ಮುತ್ತಿಗೆ ಹೊತ್ತಲ್ಲಿ ಕೋಟೆ ಒಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡದ ನೀರು ಯಾಕೆ ಬೇಕಿತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರಾರ್ಥನೆ ಮಾಡೋ ಅರಸನೇ ನೀರಿನ ದಾರೀನೂ ನೋಡ್ಕೊಂಡಿದ್ದ.

ಅದಕ್ಕೇ ನೀನೂ ಸುಮ್ನೆ ಕೂರಬೇಡ. ನೋಟಿಸಲ್ಲಿ 13(2) ಅಂತ ಐತೆ, ಅದು ಅಡವಿಟ್ಟ ಆಸ್ತಿ ವಶ ಮಾಡ್ಕೊಳ್ಳೋ ಸರ್ಫೇಸಿ ಕಾಯ್ದೆಯ ಕಲಮು, ಅಂದ್ರೆ ಅದರ ತಾರೀಖಿಂದ 60 ದಿನ ಟೈಮು. ಅಷ್ಟರೊಳಗೆ ಆಕ್ಷೇಪಣೆ ಬರೆದು ಕೊಟ್ರೆ, ಒಪ್ಪದಿದ್ರೆ ಯಾಕೆ ಅಂತ ಬ್ಯಾಂಕಿನೋರು 15 ದಿನದಲ್ಲಿ ಉತ್ತರ ಕೊಡ್ಬೇಕು. ರಬ್ಷಾಕೆಗೆ ಉತ್ತರ ಕೊಡಬೇಡಿ ಅಂತ ಹಿಜ್ಕೀಯ ಹೇಳಿದ್ದ ನಿಜ, ಬ್ಯಾಂಕಿಗೆ ಮಾತ್ರ ಕೊಡಲೇಬೇಕು ಕಣವ್ವ! ಜಾಮೀನಿಗೆ ನಿನ್ನ ಸಹೀನೂ ಐತಲ್ಲ, ಕೋರ್ಟಿನ ಹತ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ವಕೀಲರ ನೆರವು ಉಚಿತ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡಂಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮಾನೇ ಐತೆ, ಇನ್ನು ರಾತ್ರಿ ಬಾಗಿಲಿಗೆ ಬಂದು ಕೂಗೋದು ಎಲ್ಲಿಯ ಮಾತು? ಬಂದ್ರೆ ರೆಕಾರ್ಡ್ ಮಾಡ್ಕೋ.

ಭಟ್ಟಿ ಉಳಿದೇ ಉಳಿಯುತ್ತೆ ಅಂತ ನಾನು ಹೇಳಲ್ಲ. ಯೆರೂಸಲೇಮು ಉಳೀತು, ಪಂಜರದ ಹಕ್ಕಿ ಥರ ಕೂಡಿಹಾಕಿದ್ದೆ ಅಂತ ಸನ್ಹೇರೀಬ ತನ್ನ ಶಾಸನದಲ್ಲಿ ಬರೆಸಿದಾನೆ ಹೊರತು ಹಿಡಿದೆ ಅಂತಿಲ್ಲ. ಆದ್ರೆ ಯೆಹೂದದ 46 ಊರು ಗೆದ್ದೆ ಅಂತಾನೂ ಅಲ್ಲೇ ಐತೆ. ಆ ಊರುಗಳಲ್ಲೂ ಪ್ರಾರ್ಥನೆ ಮಾಡ್ದೋರು ಇದ್ದಿರಲ್ವಾ? ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಏನೇ ಆದ್ರೂ ಆತನ ಕೈಯೊಳಗೇ ಇರ್ತೀವಿ ಅನ್ನೋದೊಂದು ಗಟ್ಟಿಯಾಗಿ ಹಿಡ್ಕೊಂಡಿದೀನಿ, ಅಷ್ಟೇ.

ಶುಕ್ರವಾರ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬರ್ತೀನಿ. ಸಾಲದ ಮಂಜೂರಾತಿ ಪತ್ರ, ಸ್ಟೇಟ್‌ಮೆಂಟು, ಕಂತು ಕಟ್ಟಿದ ರಸೀದಿ ಎಲ್ಲ ಜೆರಾಕ್ಸ್ ಮಾಡ್ಸಿಡು. ಆ ಫೋಟೋ ಗ್ರೂಪಿಂದ ತೆಗೆದ್ಬಿಡು, ಅಕೌಂಟ್ ನಂಬರ್ ಕಾಣ್ತೈತೆ. ತಮ್ಮಾ, ಕಾರು ತಗೊಂಡು ಬಸ್ ಸ್ಟ್ಯಾಂಡಿಗೆ ಬಾ, ಕಾನೂನು ಕಚೇರಿಗೆ ನೀನೂ ನಮ್ಮ ಜೊತೆ ಬರ್ತಿದೀಯ.