ಫೈರ್‌ವಾಲ್ ಲಾಗ್ ತುಂಬಿ ಹರಿಯುತ್ತಿದೆ, ಅನುಭವವಿದ್ದವರು ತಿಳಿಸಿ

ಹೊಸ ಸರ್ವರ್: ನಮ್ಮ ಕಚೇರಿಯ ಉಬುಂಟು ಸರ್ವರ್‌ನ ಸಾಮಾನ್ಯ ದಾಖಲೆ ಕಡತವಾದ ಸಿಸ್‌ಲಾಗ್‌ನಲ್ಲಿ, ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಏನನ್ನಾದರೂ ತಡೆದಾಗ ಬರೆಯುವ 'ಯುಎಫ್‌ಡಬ್ಲ್ಯೂ ಬ್ಲಾಕ್' ಎಂಬ ಸಾಲುಗಳೇ ತುಂಬಿ, ಬೇಕಾದ ಸಂದೇಶಗಳು ಕಣ್ಣಿಗೆ ಬೀಳುತ್ತಿಲ್ಲ. ಲಾಗಿಂಗನ್ನೇ ನಿಲ್ಲಿಸಬಹುದೇ?

ಹಳೆಯ ಅಡ್ಮಿನ್: ಒಂದು ಪೋರ್ಟಿನ ತಕರಾರು ಹುಡುಕಲೆಂದು ಶುಕ್ರವಾರ ಸಂಜೆ ಲಾಗಿಂಗ್ ಮಟ್ಟವನ್ನು 'ಫುಲ್'ಗೆ ಏರಿಸಿದ ನಾನು, ಇಳಿಸುವುದನ್ನು ಮರೆತು ಊರಿಗೆ ಹೋದೆ. ಆ ಮಟ್ಟದಲ್ಲಿ ಪ್ರತಿ ಪ್ಯಾಕೆಟ್ಟೂ (ಜಾಲದಲ್ಲಿ ಸಾಗುವ ಡೇಟಾ ತುಣುಕು) ಮಿತಿಯಿಲ್ಲದೆ ದಾಖಲಾಗುತ್ತದೆ. ಸಾಲದ್ದಕ್ಕೆ ಒಂದೇ ಸಾಲು ಯುಎಫ್‌ಡಬ್ಲ್ಯೂ ಲಾಗ್, ಸಿಸ್‌ಲಾಗ್, ಕರ್ನ್‌ಲಾಗ್ ಎಂಬ ಮೂರು ಕಡತಗಳಲ್ಲೂ ಕೂರುತ್ತದೆ. ಭಾನುವಾರ ನಸುಕಿನ 2.40ಕ್ಕೆ 40 ಜಿಬಿ ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿತು. ಅರಸೀಕೆರೆಯಿಂದ ಬೆಂಗಳೂರಿಗೆ ಟ್ಯಾಕ್ಸಿಗೆ 4,200 ರೂಪಾಯಿ ತೆತ್ತೆ. ಶನಿವಾರ ಸಂಜೆಯ ಬಿಲ್ಲುಗಳನ್ನೆಲ್ಲ ಕೈಯಾರೆ ಮತ್ತೆ ನಮೂದಿಸಿದೆವು. ಮಾಲೀಕರ ಮಾತು ಬೇರೆ. ಅಂದಿನಿಂದ ಮಟ್ಟ 'ಲೋ' ದಾಟಿಲ್ಲ. ಲಾಗ್ ಬರೆಯುವ ಆರ್‌ಸಿಸ್‌ಲಾಗ್‌ನ ಯುಎಫ್‌ಡಬ್ಲ್ಯೂ ಕಡತದ ಕೊನೆಯ 'ಸ್ಟಾಪ್' ಸಾಲಿನ ಹ್ಯಾಶ್ ಚಿಹ್ನೆಯನ್ನೂ ತೆಗೆದಿದ್ದೇನೆ, ಈಗ ಆ ಸಾಲುಗಳು ಯುಎಫ್‌ಡಬ್ಲ್ಯೂ ಲಾಗ್‌ನಲ್ಲಿ ಮಾತ್ರ ಕೂರುತ್ತವೆ.

ಆಫ್ ಮಾಡಿ ಕೆಟ್ಟವನು: ನಿಲ್ಲಿಸಲೇಬೇಡಿ. ನಾನು ನಿಲ್ಲಿಸಿದ್ದೆ, ಎಂಟು ತಿಂಗಳ ನಂತರ ಯಾರೋ ಒಳನುಗ್ಗಿದಾಗ ಎಲ್ಲಿಂದ ಬಂದರೆಂದು ತೋರಿಸಲು ಒಂದು ಸಾಲೂ ಇರಲಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು 180 ದಿನಗಳ ಲಾಗ್ ಕೇಳುತ್ತದೆ, ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕೆನ್ನುತ್ತದೆ. 'ಲೋ' ಎಂದು ಬೀಗುವವರ ಲಾಗನ್ನು, ಹಳೆಯ ಕಡತ ತೆಗೆಯುವ ಲಾಗ್‌ರೊಟೇಟ್ ನಾಲ್ಕೇ ವಾರಕ್ಕೆ ಅಳಿಸುತ್ತಿರುತ್ತದೆ.

ಹಳೆಯ ಅಡ್ಮಿನ್: ಬೀಗಿದ್ದು ಯಾರು ಸ್ವಾಮಿ? ನನ್ನಲ್ಲಿ ರೊಟೇಟ್ 26 ವಾರಕ್ಕಿದೆ, ಅಂದರೆ 182 ದಿನ. ಕೇಳಿದ್ದರೆ ಹೇಳುತ್ತಿದ್ದೆ.

ಐಜಿಎಂಪಿ ಸಂತ್ರಸ್ತ: ನನ್ನ ಲಾಗ್‌ನಲ್ಲಿ ಸುಮಾರು ಎರಡು ನಿಮಿಷಕ್ಕೊಮ್ಮೆ ಅದೇ ಸಾಲು ಬರುತ್ತಿತ್ತು. ಜಾಲ ಸಾಧನದ ಗುರುತಾದ ಮ್ಯಾಕ್ ವಿಳಾಸ ವಿಪರೀತ ಉದ್ದವಾಗಿದ್ದುದರಿಂದ ದಾಳಿಯೇ ಎಂದು ಹೆದರಿ ಸಲಹೆಗಾರರೊಬ್ಬರಿಗೆ 6,500 ರೂಪಾಯಿ ಕೊಟ್ಟೆ. ಅಲ್ಲಿರುವುದು 14 ಬೈಟು: ಮೊದಲ 6 ಪಡೆಯುವವರದು, ನಂತರದ 6 ಕಳುಹಿಸುವವರದು, ಕೊನೆಯ 2 ಪ್ಯಾಕೆಟ್ಟಿನ ಬಗೆ. ಗುರಿ 224.0.0.1 (ಜಾಲದ ಎಲ್ಲ ಯಂತ್ರಗಳು), ಪ್ರೋಟೋಕಾಲ್ 2, ಅಂದರೆ ಐಜಿಎಂಪಿ. ನಮ್ಮದೇ ರೂಟರ್ 125 ಸೆಕೆಂಡಿಗೊಮ್ಮೆ ಕಳುಹಿಸುವ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಹೋಗುವ) ವಿಚಾರಣೆ ಅದು! ಯುಎಫ್‌ಡಬ್ಲ್ಯೂನ ಬಿಫೋರ್ ರೂಲ್ಸ್ ಕಡತದಲ್ಲಿ ಅದನ್ನು ಸದ್ದಿಲ್ಲದೆ ಡ್ರಾಪ್ ಮಾಡುವ ಒಂದು ಸಾಲು ಸೇರಿಸಿದೆ, ಅಷ್ಟೇ. ಪ್ರಶ್ನೆ ಕೇಳಿದವರ ಸಾಲಿನಲ್ಲಿ ಏನಿದೆಯೆಂದು ಇಲ್ಲಿ ಯಾರೂ ವಿಚಾರಿಸಲೇ ಇಲ್ಲ.

ಆಫ್ ಮಾಡಿ ಕೆಟ್ಟವನು: 182 ದಿನದ ಲಾಗನ್ನು ಅದೇ ಯಂತ್ರದಲ್ಲಿಟ್ಟರೆ ನುಗ್ಗಿದವನೇ ಅಳಿಸಿ ಹೋಗುತ್ತಾನೆ. ನಾನು ಬೇರೆ ಯಂತ್ರಕ್ಕೆ ಕಳುಹಿಸುತ್ತೇನೆ.

ಹಳೆಯ ಅಡ್ಮಿನ್: ಆ ಯಂತ್ರದ ಡಿಸ್ಕ್ ತುಂಬಿದ ದಿನ ಬರೆಯಿರಿ.

ಆಫ್ ಮಾಡಿ ಕೆಟ್ಟವನು: ಜುಲೈನಲ್ಲೇ ತುಂಬಿತ್ತು. ಹೊಸ ಡಿಸ್ಕಿಗೆ 5,600 ಕೊಟ್ಟೆ.